ನಕ್ಷೆಯಲ್ಲಿ ಹುನಗುಂದಕ್ಕೆ ಕರಿ ಕಲ್ಲು

ಮೊದಲು ಖರ್ಚು ಹೇಳಿಬಿಡುತ್ತೇನೆ, ಕತೆ ಆಮೇಲೆ. ಈ ಒಂದು ಕೆಲಸದಲ್ಲಿ ನನಗೆ ಹೋದದ್ದು ಎರಡು ಬಾಗಿಲಿನಷ್ಟು ಅಗಲದ, ಒಂದೂ ಕಲೆಯಿಲ್ಲದ ಕೆಂಪು ಗ್ರಾನೈಟ್ ಹಲಗೆ, ಬಿಲ್ಲಿನ ಕೊನೆಯ ಕಂತು, ಮತ್ತು ಕಾರ್ಖಾನೆ ಶುರುವಾದ ದಿನದಿಂದ ನನ್ನ ಜೊತೆಗಿದ್ದ ಮಿಸ್ತ್ರಿ. ಹಲಗೆ ಇನ್ನೊಂದು ಸಿಕ್ಕಿತು. ಕಂತು ಬಂದಿಲ್ಲ, ಬರುವುದೂ ಇಲ್ಲ. ಅಂಥ ಮಿಸ್ತ್ರಿ ಮತ್ತೆ ಸಿಗಲಿಲ್ಲ.

ಇಷ್ಟೆಲ್ಲ ಹೋದದ್ದು ಒಂದು ಗೆರೆಗಾಗಿ. ಬ್ರಿಟಿಷರ ಮುಂಬೈ ಪ್ರಾಂತ್ಯ ಎಲ್ಲಿ ಮುಗಿಯುತ್ತಿತ್ತು, ಹೈದರಾಬಾದ್ ನಿಜಾಮನ ಸೀಮೆ ಎಲ್ಲಿ ಶುರುವಾಗುತ್ತಿತ್ತು ಎಂಬ ಗೆರೆ. ಎರಡೂ ಸರಕಾರಗಳು ಹೋದದ್ದು ನಾನು ಹುಟ್ಟುವ ಮುಂಚೆ. ಆದರೂ ಆ ಗೆರೆಯ ಸಲುವಾಗಿ ಇವತ್ತಿಗೂ ಜನ ತಿಳಿದು ತಿಳಿದು ಸುಳ್ಳು ಹೇಳುತ್ತಾರೆ, ಆ ಸುಳ್ಳನ್ನು ಕಲ್ಲಿನಲ್ಲಿ ಕೂರಿಸಿ ಕೊಡು ಎಂದು ನನ್ನಂಥವನ ಅಂಗಳಕ್ಕೆ ಬರುತ್ತಾರೆ. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ಇಳಕಲ್ಲಿನಲ್ಲಿ ನನ್ನದು ಕಲ್ಲು ಕೊಯ್ದು, ಹೊಳಪು ಕೊಟ್ಟು, ಕೆತ್ತಿ ಕೊಡುವ ಕಾರ್ಖಾನೆ. ಹುನಗುಂದ ಕಡೆಯ ಒಂದು ಟ್ರಸ್ಟ್ ಹೊಸ ಸಭಾಭವನ ಕಟ್ಟಿಸುತ್ತಿತ್ತು. ಅದರ ಅಧ್ಯಕ್ಷರು ನಮ್ಮ ಭಾಗದ ಒಬ್ಬ ಮುಖಂಡರು, ಭವನಕ್ಕೆ ಅವರ ಅಜ್ಜನ ಹೆಸರು. ಬಾಗಿಲು ದಾಟಿದ ಕೂಡಲೇ ಎದುರಿಗೆ ಕಾಣುವ ಗೋಡೆಯ ಮೇಲೆ ಒಂದು ಕಲ್ಲಿನ ನಕ್ಷೆ ಬೇಕು, ಬ್ರಿಟಿಷರ ಕಾಲದಲ್ಲಿ ನಮ್ಮ ಸೀಮೆಯನ್ನು ಯಾರು ಯಾರು ಆಳುತ್ತಿದ್ದರು ಎಂದು ಹುಡುಗರಿಗೆ ತಿಳಿಯಬೇಕು ಎಂದರು. ನಕ್ಷೆಯ ಹೊಣೆ ಹೊತ್ತ ಸಂಚಾಲಕರು ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಓದಿನ ಮನೆತನದವರು, ಮೆಲ್ಲಗೆ ಮಾತಾಡುವವರು. ಮೊದಲ ದಿನ ಅವರ ಮನೆಯ ಪಡಸಾಲೆಯಲ್ಲಿ ಕೂತು ನಕ್ಷೆ ಬಿಚ್ಚಿದಾಗ ನನಗೆ ತಲೆಬುಡ ತಿಳಿಯಲಿಲ್ಲ.

“ಪೇಶ್ವೆಗಳು ಬಿದ್ದ ಮ್ಯಾಲೆ ನಮ್ಮ ಸೀಮಿ ಮುಂಬೈ ಸರಕಾರಕ್ಕ ಹೋತು,” ಎಂದರು ಅವರು. “ಒಮ್ಮೆ ಈ ಕಲೆಕ್ಟರ್ ಕೈಯಾಗ, ಒಮ್ಮೆ ಆ ಕಲೆಕ್ಟರ್ ಕೈಯಾಗ ಅಡ್ಡಾಡಿ ಕಡೀಕ ಕಲಾದಗಿ ಜಿಲ್ಲಾ ಆತು. ಆಮ್ಯಾಲೆ ಕಚೇರಿ ವಿಜಾಪುರಕ್ಕ ಹೋತು, ಜಿಲ್ಲಾದ ಹೆಸರೂ ಅದ ಆತು. ಬಾಗಲಕೋಟಿ, ಬದಾಮಿ, ಹುನಗುಂದ ಮೂರೂ ಅದರ ತಾಲೂಕು. ತಾಲೂಕಿಗೊಬ್ಬ ಮಾಮಲೇದಾರ, ಈಗಿನ ತಹಶೀಲ್ದಾರ ಇದ್ದಂಗ. ಆದ್ರ ನಡುವ ನಡುವ ತೂತು.”

“ತೂತಂದ್ರ ಏನ್ರಿ ಸರ್?”

“ಮುಧೋಳ, ಜಮಖಂಡಿ, ರಾಮದುರ್ಗ. ಅವು ರಾಜರ ಸಂಸ್ಥಾನ. ಅಲ್ಲಿ ಮುಂಬೈ ಕಾಯ್ದೆ ನಡೀತಿದ್ದಿಲ್ಲ. ಮೂಡಲಕ್ಕ ಇಳಕಲ್ ದಾಟಿದ್ರ ನಿಜಾಮ.”

“ಹಂಗಾರ ಇದು ನಕ್ಷಾ ಅಲ್ರಿ, ತ್ಯಾಪಿ ಹಚ್ಚಿದ ಕೌದಿ.”

ಅವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಆ ಮಾತಿನಲ್ಲೇ ನನಗೆ ಕೆಲಸದ ದಾರಿ ಸಿಕ್ಕಿತ್ತು. ಇಡೀ ಹಲಗೆಯೇ ಮುಂಬೈ ಪ್ರಾಂತ್ಯ. ಅದು ನಮ್ಮೂರ ಕೆಂಪು ಕಲ್ಲು. ಸಂಸ್ಥಾನ ಇರುವಲ್ಲಿ ಕೆಂಪನ್ನು ತೋಡಿ ತೆಗೆದು ಬದಾಮಿಯ ಹಳದಿ ಮರಳುಗಲ್ಲು ಕೂರಿಸಬೇಕು. ನಿಜಾಮನ ಸೀಮೆಗೆ ಕರಿ ಗ್ರಾನೈಟ್. ಹೊಳೆಗಳಿಗೆ ಹಿತ್ತಾಳೆಯ ಪಟ್ಟಿ.

ಹುನಗುಂದದಲ್ಲಿ ಅಧ್ಯಕ್ಷರ ಮನೆಯಲ್ಲಿ ದರದ ಮಾತು ನಡೆಯಿತು. ಅವರು ಚದರ ಅಡಿಗೆ ಇಷ್ಟು ಎಂದರು. ನಾನು ಆಗುವುದಿಲ್ಲ ಎಂದೆ. ನಕ್ಷೆಯಲ್ಲಿ ದುಡಿತ ಇರುವುದು ಕಲ್ಲಿನ ಅಗಲದಲ್ಲಲ್ಲ, ಗೆರೆಯ ಉದ್ದದಲ್ಲಿ. ಬರೀ ಕೆಂಪಾಗಿರುವ ಜಾಗಕ್ಕೆ ಹೊಳಪು ಕೊಟ್ಟರೆ ಮುಗಿಯಿತು. ಗೆರೆ ಸೊಟ್ಟ ತಿರುಗಿದಲ್ಲೆಲ್ಲ ಮನುಷ್ಯನ ಬೆನ್ನು ಬಾಗುತ್ತದೆ. ಕೊನೆಗೆ ಗೆರೆಯ ಅಳತೆಗೇ ದರ ಕುದುರಿತು.

“ಕಲ್ಲಿಗೆ ರೊಕ್ಕ ಇಸ್ಕೊಳ್ಳವ್ರನ್ನ ನೋಡೀನಿ,” ಎಂದರು ಅಧ್ಯಕ್ಷರು. “ಗೆರಿಗೆ ರೊಕ್ಕ ಇಸ್ಕೊಳ್ಳಾಂವ ನೀ ಒಬ್ಬನ ನೋಡಪ.”

ನಾನೂ ಜಂಬದಿಂದ ಎದ್ದು ಬಂದೆ.

ಕೆಲಸದ ಕ್ರಮ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಕ್ಷೆಯನ್ನು ಹಲಗೆಯ ಅಳತೆಗೆ ಹಿಗ್ಗಿಸಿ ಹಾಳೆಯ ಮೇಲೆ ಮುದ್ರಿಸಿ ತರುತ್ತಾರೆ. ಅದರ ಮೂಲೆಯಲ್ಲಿ ಗಿರಾಕಿಯ ಸಹಿ ಇಲ್ಲದೆ ನನ್ನಲ್ಲಿ ಗ್ರೈಂಡರ್ ತಿರುಗುವುದಿಲ್ಲ. ಹಾಳೆಯನ್ನು ಕಲ್ಲಿನ ಮೇಲೆ ಅಂಟಿಸಿ, ಉಕ್ಕಿನ ಮೊನೆಯಿಂದ ಗೆರೆ ಗೀರಿ, ಆಮೇಲೆ ಗೆರೆಗಿಂತ ಕೂದಲೆಳೆಯಷ್ಟು ಒಳಗೆ ಗ್ರೈಂಡರ್ ಓಡಿಸಿ, ಉಳಿದದ್ದನ್ನು ಉಳಿಯಿಂದ ತೆಗೆಯಬೇಕು. ಒಳಗೆ ಕೂರುವ ತುಂಡಿನ ಹಿಂಬದಿಯನ್ನು ಒಂದಿಷ್ಟು ಕಿರಿದು ಮಾಡಿದರೆ ಅದು ಬಿರಡೆಯಂತೆ ಬಿಗಿಯಾಗುತ್ತದೆ. ಅಂಟಿನಲ್ಲಿ ಅದೇ ಕಲ್ಲಿನ ಪುಡಿ ಕಲಸಿದರೆ ಸಂದು ಕಾಣುವುದಿಲ್ಲ. ಒಂದು ಸಲ ತೋಡಿದರೆ ತೋಡಿದ್ದೇ. ತೆಗೆದ ಕೆಂಪು ಮತ್ತೆ ಬರುವುದಿಲ್ಲ.

ಇದೆಲ್ಲ ಮಾಡಿದ್ದು ಮಿಸ್ತ್ರಿ. ನಾನು ವ್ಯಾಪಾರಸ್ಥ, ಅವನು ಕೈ. ಗಣಿಯಲ್ಲಿ ನಾನು ಡ್ರಿಲ್ಲಿಗೆ ನೀರು ಹೊರುತ್ತಿದ್ದಾಗಿನಿಂದ ಪರಿಚಯ. ಕೂಡಲಸಂಗಮದ ಹತ್ತಿರ ಕೃಷ್ಣೆಗೆ ಮಲಪ್ರಭೆ ಸೇರುವ ಜಾಗವಿದೆಯಲ್ಲ, ಅಲ್ಲಿ ಎರಡು ಹಿತ್ತಾಳೆ ಪಟ್ಟಿ ಕೂಡಿಸುವುದು ಆಗದೆ ನಾನು ಬೆಸುಗೆ ಹಾಕಿಸೋಣ ಎಂದೆ. ಅವನು ಒಪ್ಪಲಿಲ್ಲ. ಎರಡು ದಿನ ಅರ ಹಿಡಿದು ತಿಕ್ಕಿ ಒಂದರೊಳಗೊಂದು ಹೊಂದಿಸಿದ. ಬೆರಳಾಡಿಸಿದರೆ ಜೋಡಣೆ ಸಿಗುತ್ತಿರಲಿಲ್ಲ. “ಹೊಳಿಗೆ ಬೆಸಿಗಿ ಯಾಕ ಬೇಕ್ರಿ,” ಎಂದ.

ಮರಳುಗಲ್ಲು ತಲೆನೋವಾಯಿತು. ಅದು ಗ್ರಾನೈಟಿಗಿಂತ ಮೆತ್ತಗೆ, ಹೊಳಪಿನ ಯಂತ್ರ ಹಾಯಿಸಿದರೆ ಗ್ರಾನೈಟ್ ಹಾಗೇ ಉಳಿದು ಮರಳುಗಲ್ಲು ಮಾತ್ರ ಸವೆದು ಕುಳಿ ಬೀಳುತ್ತದೆ. ಮೊದಲ ಸಲ ಜಮಖಂಡಿ ತಟ್ಟೆಯ ಹಾಗೆ ಒಳಗಿಳಿಯಿತು. ಕಿತ್ತು ಹಾಕಿ, ಗ್ರಾನೈಟಿಗೆ ಮೊದಲೇ ಹೊಳಪು ಕೊಟ್ಟು, ಮರಳುಗಲ್ಲನ್ನು ಬೇರೆಯಾಗಿ ತಿಕ್ಕಿ ಕೊನೆಗೆ ಕೂರಿಸುವುದೆಂದು ನಿಶ್ಚಯವಾಯಿತು. ಗಟ್ಟಿ ಕಲ್ಲು ನೋಡಿ ಆರಿಸಿ ತರಲು ನಾನೇ ಬದಾಮಿಗೆ ಹೋದೆ. ಅಲ್ಲಿಯ ವ್ಯಾಪಾರಿ ಮೆದು ಕಲ್ಲನ್ನು ಮುಂದಿಟ್ಟು ಗಟ್ಟಿ ಕಲ್ಲಿನ ದರ ಹೇಳುವವನು. ಚೌಕಾಸಿಗೆ ಎರಡು ದಿನ ಹಿಡಿಯಿತು.

ತಿರುಗಿ ಬಂದು ನೋಡಿದರೆ ಹಲಗೆಯ ಬಲಬದಿಯಲ್ಲಿ ಕಪ್ಪು ಹೆಚ್ಚಾಗಿತ್ತು. ನಿಜಾಮನ ಗೆರೆ ಪಡುವಣಕ್ಕೆ ಸರಿದಿತ್ತು. ಇಳಕಲ್ಲನ್ನೂ ಹುನಗುಂದವನ್ನೂ ನುಂಗಿ ಮಲಪ್ರಭೆಯ ಕಡೆ ಬಂದು ನಿಂತಿತ್ತು. ಯಾವ ಊರಿನ ನೆಲದಿಂದ ಆ ಕೆಂಪು ಕಲ್ಲನ್ನು ಎತ್ತಿದ್ದೆವೋ ಆ ಊರೇ ಕರಿ ಕಲ್ಲಿನೊಳಗೆ ಹೋಗಿತ್ತು.

ಗ್ರೈಂಡರ್ ನಿಂತಿತ್ತು. ಮಿಸ್ತ್ರಿ ಗೋಡೆಗೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದ.

“ಇದೇನಲೇ ಮಿಸ್ತ್ರಿ?”

“ನಕ್ಷಾರಿ.”

“ಹುನಗುಂದ ತಾಲೂಕಿನ ಕೆಂಪು ಎಲ್ಲಿ ಹೋತು?”

“ತಗದೇನ್ರಿ. ನೀವು ಬದಾಮಿಗೆ ಹೋದ ದಿನ ಭವನದವ್ರು ಹೊಸ ಹಾಳಿ ಕಳಿಸಿದ್ರು. ಗೆರಿ ಸಣ್ಣಂಗ ತಿದ್ದೇವಿ ಅಂದ್ರು. ಸಹಿ ಐತಿ ನೋಡ್ರಿ. ಸಹಿ ಇದ್ರ ಕೊರಿ ಅಂತ ನೀವ ಹೇಳೀರಿ.”

“ನೀ ಇಳಕಲ್ಲಾಗ ಹುಟ್ಟಿದಾಂವ. ಇದು ನಿಜಾಮಂದು ಅಲ್ಲಂತ ನಿನಗ ಗೊತ್ತಿಲ್ಲೇನು?”

ಅವನು ಎಲೆ ಮಡಚಿ ಬಾಯಿಗಿಟ್ಟುಕೊಂಡ. ಆಮೇಲೆ ಹೇಳಿದ.

“ಗೊತ್ತೈತ್ರಿ ಸಾವಕಾರ್ರ. ಗೊತ್ತಿದ್ದ ಕೊರದೇನಿ.”

ಇಲ್ಲಿ ಹೊರಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹಳೆಯ ನಿಜಾಮನ ಸೀಮೆಯಲ್ಲಿದ್ದ ಜಿಲ್ಲೆಗಳಿಗೆ ಈಗ ಕಲ್ಯಾಣ ಕರ್ನಾಟಕ ಎಂದು ಹೆಸರು. ಅಲ್ಲಿಯವರಿಗೆ ಸರಕಾರಿ ನೌಕರಿಯಲ್ಲಿ, ಕಾಲೇಜಿನ ಸೀಟಿನಲ್ಲಿ ಬೇರೆ ಪಾಲು ಇಟ್ಟಿದ್ದಾರೆ. ಇಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನನ್ನ ಅಜ್ಜಿ ಆ ಕಡೆಯವಳು. ಅವಳ ತವರೂರಿನಲ್ಲಿ ಸಾಲಿ ಎಂಬುದು ಎಷ್ಟು ತಡವಾಗಿ ಬಂತೆಂದು ನಾನು ಬಲ್ಲೆ. ಆದರೆ ಆ ಹಳೆಯ ಗೆರೆ ಹಾದುಹೋಗುವುದು ನಮ್ಮೂರಿನ ಮಗ್ಗುಲಲ್ಲಿ. ಇಳಕಲ್ಲಿನಿಂದ ಬಸ್ಸು ಹತ್ತಿ ಚಹಾದಂಗಡಿಯಲ್ಲಿ ಶುರು ಮಾಡಿದ ಮಾತು ಮುಗಿಯುವುದರೊಳಗೆ ಆ ಕಡೆ ಇಳಿಯಬಹುದು. ಅದೇ ಎರೆ, ಅದೇ ಬಿಸಿಲು, ಅದೇ ಮಗ್ಗ, ಬೀಗರು ಬಿಜ್ಜರು ಎರಡೂ ಕಡೆ. ಗೆರೆಯ ಆ ಕಡೆ ಪಾಲು ಉಂಟು, ಈ ಕಡೆ ಇಲ್ಲ.

ಮಿಸ್ತ್ರಿಗೆ ಒಬ್ಬಳೇ ಮಗಳು. ಬಿ.ಇಡಿ ಮಾಡಿ ಮಾಸ್ತರಿಕೆಯ ಪರೀಕ್ಷೆ ಬರೆದಿದ್ದಳು. ನೌಕರಿ ಸಿಗಲಿಲ್ಲ. ಅವಳ ಜೊತೆ ಒಂದೇ ಹಾಸ್ಟೆಲ್ಲಿನಲ್ಲಿ ಓದಿದ, ಇವಳಿಗಿಂತ ಕಡಿಮೆ ಅಂಕದ ಗೆಳತಿಗೆ ಸಿಕ್ಕಿತು. ಗೆಳತಿಯ ಊರು ಗೆರೆಯ ಆ ಕಡೆ. ಮರುವರ್ಷ ಮಗಳ ಮದುವೆ ಮಾಡಿದ. ಈ ಕೆಲಸ ನಡೆಯುವಾಗ ಅವಳು ಬಸುರಿ.

“ಅಧ್ಯಕ್ಷರ ಮಂದಿ ಹೇಳಿದ್ರು,” ಎಂದ ಮಿಸ್ತ್ರಿ. “ನಾಳೆ ನಮ್ಮ ತಾಲೂಕನ್ನೂ ಆ ಪಾಲಿನಾಗ ಸೇರಿಸ್ರಿ ಅಂತ ಮನವಿ ಕೊಡ್ತಾರಂತ. ಈ ಕಲ್ಲಿನ ಫೋಟೋ ಅದಕ್ಕ ಹಚ್ತಾರಂತ. ನನ್ನ ಮಗಳಿಗಂತೂ ಆಗಲಿಲ್ಲ, ಅಕಿ ಹೊಟ್ಟ್ಯಾಗಿಂದಕ್ಕರೆ ಆಗ್ಲಿ.”

“ಸುಳ್ಳು ಕಲ್ಲು ತೋರ್ಸಿ ಯಾರಿಗೂ ನೌಕರಿ ಸಿಗಂಗಿಲ್ಲೋ.”

“ಖರೆ ಕಲ್ಲು ತೋರ್ಸಿ ಸಿಕ್ಕೈತೇನ್ರಿ?”

ನನ್ನ ಸಿಟ್ಟು ಇಮ್ಮಡಿಯಾಯಿತು. ಅವನ ಮೇಲೆ ಕೂಗಾಡಿದೆ. ಕೂಗಾಡುವುದಿದ್ದದ್ದು ಬೇರೆ ಕಡೆ ಎಂದು ಬಾಗಲಕೋಟೆಯ ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಸಂಚಾಲಕರು ನನ್ನ ಮುಖ ನೋಡಿದ ಕೂಡಲೇ ವಿಷಯ ತಿಳಿದುಕೊಂಡರು. ನೀರು ತರಿಸಿದರು. ಚಹಾ ತರಿಸಿದರು. ಅವಲಕ್ಕಿ ತರಿಸಹೊರಟಾಗ ನಾನು ತಡೆದೆ.

“ಸರ್, ಹೊಟ್ಟಿ ತುಂಬೈತ್ರಿ. ಆ ಹಾಳಿ ಮ್ಯಾಲೆ ಸಹಿ ನಿಮ್ದ ಅಲ್ರಿ?”

“ನಂದ.”

“ತಪ್ಪಂತ ಗೊತ್ತಿದ್ದ ಮಾಡಿದ್ರಿ?”

“ಅಧ್ಯಕ್ಷರು ಮೂರು ಸಲ ಫೋನ್ ಮಾಡಿದ್ರಪ್ಪ. ಭವನ ಅವರದು, ರೊಕ್ಕ ಅವರದು. ಇತಿಹಾಸದಾಗ ಗಡಿಗೋಳು ಸರೀತಾನ ಇರ್ತಾವ, ಅದಕ್ಕೊಂದು ವ್ಯಾಖ್ಯಾನ…”

“ಸರೀತಾವ್ರಿ. ಸರದದ್ದು ನೀವು ಸಹಿ ಹಾಕಿದ ದಿನ.”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಸ್ವಚ್ಛವಾಗಿಯೇ ಇತ್ತು. ಅಧ್ಯಕ್ಷರಿಗಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಇವರ ಮೇಲೆ. ಅಧ್ಯಕ್ಷರು ಲಾಭಕ್ಕೆ ಸುಳ್ಳು ಹೇಳಿದರು. ಇವರು ಫೋನಿನ ಕಾಟ ತಪ್ಪಿದರೆ ಸಾಕೆಂದು ಸಹಿ ಹಾಕಿದರು.

ನನ್ನ ಅಜ್ಜಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಅವಳು ಇಳಕಲ್ಲಿಗೆ ಸೊಸೆಯಾಗಿ ಬಂದಾಗ ಆ ಗೆರೆಯ ಮೇಲೆ ನಿಜಾಮನ ಸುಂಕದ ನಾಕಾ ಇತ್ತು. ಕರೋಡಗಿರಿ ಎನ್ನುತ್ತಿದ್ದರು. ತವರಿಗೆ ಹೋಗುವಾಗ ಗಂಟಿನಲ್ಲಿ ಹೊಸ ಸೀರೆ ಸಿಕ್ಕರೆ ಸುಂಕ, ಮೈಮೇಲಿದ್ದರೆ ಇಲ್ಲ. ಅದಕ್ಕೆ ತಂಗಿಯರಿಗೆ ಒಯ್ಯುವ ಸೀರೆಗಳನ್ನೆಲ್ಲ ಒಂದರ ಮೇಲೊಂದು ಉಟ್ಟುಕೊಂಡು, ಬೇಸಿಗೆಯಲ್ಲಿ ಬೆವರು ಸುರಿಸುತ್ತ, ಚಕ್ಕಡಿಯಲ್ಲಿ ಕೂತು ನಾಕಾ ದಾಟುತ್ತಿದ್ದಳು. ನಾಕೆಯವನು “ಏನಬೇ, ಭಾಳ ದಪ್ಪ ಆಗೀಯಲ್ಲ” ಎಂದರೆ, “ಗಂಡನ ಮನ್ಯಾಗ ಚಲೋ ಉಣ್ಣಾಕ ಹಾಕ್ತಾರಪ” ಎನ್ನುತ್ತಿದ್ದಳಂತೆ. ಈ ಕತೆ ಕೇಳಿ ನಾವು ಬೆಳೆದೆವು. ನಮ್ಮ ಓಣಿಯಲ್ಲಿ ಇಂಥ ಕತೆ ಇಲ್ಲದ ಮನೆಯಿಲ್ಲ. ಇಳಕಲ್ಲು ನಿಜಾಮನದು ಎಂದು ಕಲ್ಲಿನಲ್ಲಿ ಕೂರಿಸಿದರೆ ಆ ಮುದುಕಿ ದಾಟಿದ್ದು ಏನನ್ನು?

ಅಧ್ಯಕ್ಷರ ಹತ್ತಿರ ಹೋಗುವ ಮುಂಚೆ ಒಂದು ದಿನ ಸುಮ್ಮನೆ ಕೂತೆ. ವ್ಯಾಪಾರದಲ್ಲಿ ನಾನು ಕಲಿತದ್ದೇನೆಂದರೆ, ನೀವು ಹೇಳುವುದು ಸರಿ ಎಂಬ ಕಾರಣಕ್ಕೆ ಎದುರಿನವನು ಬಗ್ಗುವುದಿಲ್ಲ. ಅವನು ಯಾವುದನ್ನು ಕಳೆದುಕೊಳ್ಳಲು ತಯಾರಿಲ್ಲ ಎಂದು ಹುಡುಕಬೇಕು. ಹುಡುಕಿದೆ. ಅದು ನನ್ನ ಕಾರ್ಖಾನೆಯಲ್ಲೇ ಇತ್ತು. ಅದೇ ಭವನಕ್ಕೆ ಕೆತ್ತಿಟ್ಟ ಇನ್ನೊಂದು ಕಲ್ಲು.

“ಬಾರಪ ಕಲ್ಲಿನ ಸಾವಕಾರ,” ಎಂದರು ಅಧ್ಯಕ್ಷರು. ಪಡಸಾಲೆ ತುಂಬ ಅವರ ಮಂದಿ. “ಗೆರಿ ಉದ್ದ ಆತಂತ ಬಂದೀಯೇನು? ಹಚ್ಚು ಬಿಲ್ಲಿಗೆ.”

“ಉದ್ದದ ಮಾತಲ್ರಿ ಧಣ್ಯಾರ. ಗೆರಿ ತಪ್ಪೈತಿ.”

“ತಪ್ಪಿಲ್ಲ. ತಿಳದ ಹಾಕ್ಸೇನಿ. ಈ ಊರ ಅಗಸಿ ಬಾಗಲದಾಗ ನಿಂತು ಕೂಗಿದ್ರ ನಿಜಾಮನ ಸೀಮ್ಯಾಗ ಕೇಳ್ತಿತ್ತು. ಅಲ್ಲಿ ಹುಡುಗೂರಿಗೆ ನೌಕರಿ, ಇಲ್ಲಿ ಹುಡುಗೂರಿಗೆ ಗಾಳಿ. ಕಲ್ಲಿಗೊಂದು ತೂಕ ಇರ್ತೈತಿ. ನಾಕು ವರ್ಷ ಹೋಗ್ಲಿ, ಹಳೇ ಕಲ್ಲಿನಾಗ ಹಿಂಗೈತಿ ಅಂತ ಮಂದೀನ ಹೇಳ್ತಾರ.”

ಮನವಿ, ಫೋಟೋ, ಮೆರವಣಿಗೆ ಎಂದರೆ ಚುನಾವಣೆ ಹತ್ತಿರ ಬಂತು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ಎತ್ತಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಅವರ ಅಜ್ಜನ ಫೋಟೋ ನೋಡಿದೆ. ಸ್ವಾತಂತ್ರ್ಯ ಹೋರಾಟಗಾರರು, ಟೋಪಿ ಹಾಕಿಕೊಂಡ ಸಣಕಲು ಮುಖ.

“ಅಜ್ಜಾರು ಯಾವ ಜೈಲಿನಾಗ ಇದ್ರುರಿ?”

“ಬೆಳಗಾವಿ ಹಿಂಡಲಗಾ. ನೀನ ಕೆತ್ತೀಯಲ್ಲ ಕಲ್ಲಿನ ಮ್ಯಾಲೆ.”

“ಕೆತ್ತೇನ್ರಿ. ಹಿಡದವ್ರು ಯಾರಂತ ಕೆತ್ತೇನಿ?”

“ಬ್ರಿಟಿಷ್ ಪೊಲೀಸ್ರು.”

“ಎಲ್ಲಿ ಹಿಡದ್ರುರಿ?”

“ಇದ ಊರಾಗ, ಚಾವಡಿ ಮುಂದ. ಊರಿಗೆಲ್ಲ ಗೊತ್ತಿದ್ದ ಮಾತು.”

“ಈ ಊರು ನಿಜಾಮಂದಾಗಿದ್ರ, ನಿಜಾಮನ ಊರಾಗ ಬಂದು ಮುಂಬೈ ಸರಕಾರದ ಪೊಲೀಸ್ರು ಅಜ್ಜಾರನ್ನ ಹೆಂಗ ಹಿಡದ್ರುರಿ?”

ಅಧ್ಯಕ್ಷರ ಪಕ್ಕ ಕೂತ ಒಬ್ಬ ಹಿಂಬಾಲಕ ಬುದ್ಧಿ ಉಪಯೋಗಿಸಿದ. “ನಿಜಾಮ ಹಿಡದ ಅಂತ ಬರಸೂಣಲ್ರಿ.”

“ನಿಜಾಮ ಹಿಡದು ಬೆಳಗಾವಿ ಜೈಲಿಗೆ ಹಾಕ್ತಿದ್ನೇನೋ ತಮ್ಮಾ?” ಎಂದೆ. “ಅವನ ಹಂತೇಕ ಜೈಲಿಗೆ ಬರ ಬಿದ್ದಿತ್ತೇನು?”

ನಾನು ಅಧ್ಯಕ್ಷರ ಕಡೆಗೇ ತಿರುಗಿ ಹೇಳಿದೆ. “ಭವನದಾಗ ಎಡಕ್ಕ ಅಜ್ಜಾರ ಕಲ್ಲು, ಎದುರಿಗೆ ಈ ನಕ್ಷಾ. ಎರಡೂ ಓದಿದ ಸಾಲಿ ಹುಡುಗ ಒಂದು ಸುಳ್ಳ ಅಂತಾನ್ರಿ. ಯಾವ್ದು ಅಂತ ಅಂವ ಆರಿಸ್ತಾನ, ನೀವಲ್ಲ.”

ಅವರು ಎದ್ದು ಅಜ್ಜನ ಫೋಟೋದ ಹಾರ ಸರಿಪಡಿಸಿದರು. ಆಮೇಲೆ ನನ್ನ ಕಡೆ 'ನೀನು' ಬಿಟ್ಟು ಬಹುವಚನ ಹಿಡಿದರು. ಅದು ಮರ್ಯಾದೆಗಲ್ಲ.

“ಕೆಂಪು ಹಚ್ರಿ. ಖರ್ಚು ನಿಮ್ದು.”

“ಸಹಿ ನಿಮ್ಮ ಕಡ್ಯಾಂದಲ್ರಿ.”

“ಖರ್ಚು ನಿಮ್ದು ಅಂದೆ.”

ಎದ್ದು ಬಂದೆ. ತೋಡಿದ ಜಾಗಕ್ಕೆ ಕೆಂಪು ತುಂಡು ಕೂರಿಸಿ ತೇಪೆ ಹಚ್ಚಬಹುದಿತ್ತು, ಅಗ್ಗವಾಗುತ್ತಿತ್ತು. ಆದರೆ ಕಲ್ಲಿನ ನಾರು ಕೂಡುವುದಿಲ್ಲ. ಹುನಗುಂದ ತಾಲೂಕು ಒಂದೇ ಬೇರೆ ಕೆಂಪಾಗಿ ಕಾಣುತ್ತದೆ, ಇಲ್ಲೇನೋ ನಡೆದಿದೆ ಎಂದು ನೋಡಿದವರೆಲ್ಲ ಬೆರಳಿಡುತ್ತಾರೆ. ಹೊಸ ಹಲಗೆ ತೆಗೆದೆ. ಮಿಸ್ತ್ರಿಗೆ ಹೇಳುವಾಗ ಅವನು ಬರಲಿಕ್ಕಿಲ್ಲ ಎಂದೇ ಅಂದುಕೊಂಡಿದ್ದೆ. ಬಂದ. ಹಳೆಯ ಹಲಗೆಯಿಂದ ಹಿತ್ತಾಳೆಯ ಹೊಳೆಗಳನ್ನು ಒಂದೂ ಬಾಗದಂತೆ ಎಬ್ಬಿಸಿ ಹೊಸದಕ್ಕೆ ಕೂರಿಸಿದ. ಇಡೀ ಕೆಲಸದಲ್ಲಿ ನನ್ನ ಜೊತೆ ಆಡಿದ್ದು ನೀರು, ಅಂಟು, ಕರೆಂಟು ಇಷ್ಟರ ಮಾತು. ಇಳಕಲ್ಲಿನ ಮಗ್ಗುಲಲ್ಲಿ ಗೆರೆ ತರುವಾಗ ಮಾತ್ರ ಗ್ರೈಂಡರ್ ಇಟ್ಟು ಉಳಿ ಹಿಡಿದ. ಅಷ್ಟು ಸಣ್ಣ ಅಂಕುಡೊಂಕನ್ನೂ ಅವನು ಬಿಡಲಿಲ್ಲ. ನಿಜವಾದ ಗೆರೆಯನ್ನು ಅಷ್ಟು ನಿಜವಾಗಿ ಯಾರೂ ಕೊರೆದಿರಲಿಕ್ಕಿಲ್ಲ.

ನಕ್ಷೆ ಗೋಡೆಗೇರಿತು. ಕೆಂಪು ಕೆಂಪಾಗಿ, ಕಪ್ಪು ಕಪ್ಪಾಗಿ. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಮರುದಿನ ಅಧ್ಯಕ್ಷರ ಮನುಷ್ಯ ಕಾರ್ಖಾನೆಗೆ ಬಂದ, ಅದೇ ಹಿಂಬಾಲಕ. ಹಳೆಯ ಹಲಗೆ ಗೋಡೆಗೆ ಒರಗಿ ನಿಂತಿತ್ತು.

“ಇದನ್ನ ಒಡೀಬ್ಯಾಡಂತ ಧಣ್ಯಾರು ಹೇಳ್ಯಾರ್ರಿ. ಹಿಂಗ ಇರ್ಲಿ. ಫೋಟೋ ತಗಸೂದೈತಿ. ಭವನದಾಗ ಹಚ್ಚಂಗಿಲ್ಲ, ಮನವಿಗಷ್ಟ. ನಿಮ್ಮ ಕಡೀ ಕಂತು, ಮ್ಯಾಲೆ ಈ ಹಲಗಿ ರೇಟು, ಎಷ್ಟಂತ ನೀವ ಹೇಳ್ರಿ.”

ಗಿರಾಕಿಯೇ ರೇಟು ಹೇಳು ಎಂದು ಕೇಳಿದಾಗ ಬಾಯಿ ಮುಚ್ಚಿಕೊಂಡದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನಾಳೆ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ಅವನ ಬೈಕು ತಿರುವು ದಾಟುವುದನ್ನು ನೋಡಿ, ಹಲಗೆಯನ್ನು ಸರಪಳಿಗೆ ಕಟ್ಟಿ ಎತ್ತಿಸಿ, ಕೊಯ್ಯುವ ಯಂತ್ರದ ಮೇಲೆ ಮಲಗಿಸಿದೆ. ಸಿಟ್ಟಿನಲ್ಲಿ ಗುಂಡಿ ಒತ್ತಿದೆ. ಅಲಗು ಕಲ್ಲಿಗೆ ತಾಗಿದ್ದೇ ಕಿರುಚಿ ಕಿಡಿ ಕಾರಿತು. ನೀರು ಬಿಟ್ಟಿರಲಿಲ್ಲ. ನೀರಿಲ್ಲದೆ ಓಡಿಸಿದರೆ ಅಲಗು ಸುಟ್ಟುಹೋಗುತ್ತದೆ ಎಂದು ಕಲ್ಲಿನ ಕೆಲಸದಲ್ಲಿ ಮೊದಲ ದಿನ ಕಲಿಸುತ್ತಾರೆ.

ಮಿಸ್ತ್ರಿ ಮೂಲೆಯಲ್ಲಿ ನಿಂತಿದ್ದ. ಆ ಹಲಗೆಯಲ್ಲಿ ಅವನ ಎಷ್ಟು ದಿನಗಳಿದ್ದವೋ ಅವನಿಗೇ ಗೊತ್ತು. ಆ ಕರಿ ತುಂಡಿನಲ್ಲಿ ಅವನಿಗೆ ಏನಿತ್ತೆಂದು ನನಗೂ ಗೊತ್ತಿತ್ತು. ನಡೆದು ಬಂದ, ನಲ್ಲಿ ತಿರುಗಿಸಿದ. ನೀರು ಬಂತು. ಅಲಗಿನ ಸದ್ದು ಇಳಿಯಿತು. ಹಲಗೆ ಹುನಗುಂದದ ನಡುವಿನಿಂದ ಎರಡಾಗುವವರೆಗೆ ನಲ್ಲಿಯ ಮೇಲೆ ಕೈಯಿಟ್ಟು ನಿಂತಿದ್ದ.

“ನಿಮ್ಮ ಖರೆ ನಿಮಗ ಇರ್ಲಿ ಸಾವಕಾರ್ರ,” ಎಂದ ಆಮೇಲೆ. “ನಾ ನಾಳಿಂದ ಬರಂಗಿಲ್ಲ.”

“ಎಲ್ಲಿಗೆ ಹೊಂಟಿಯೋ?”

“ಆ ಕಡೆ.”

ಗೆರೆಯಾಚೆಯ ಕುಷ್ಟಗಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದ. ಅಲ್ಲಿಯ ಕಲ್ಲಿನ ಅಂಗಡಿಯೊಂದರಲ್ಲಿ ಕೆಲಸ. ಯಾಕೆಂದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಮಗಳು ಹಡೆದಳೆಂದು ಸುದ್ದಿ ಬಂದಾಗ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಮಗಳು ತವರಿಗೆ ಬರುವ ಮುಂಚೆ ಇವನು ತವರನ್ನೇ ಎತ್ತಿಕೊಂಡು ಗೆರೆ ದಾಟಿದ್ದ. ಕೂಸು ಆ ಕಡೆಯ ದವಾಖಾನೆಯಲ್ಲಿ ಹುಟ್ಟಲಿ, ಹುಟ್ಟಿದ ಊರು ಆ ಕಡೆಯದಾಗಲಿ ಎಂದು.

ಬಾಣಂತಿಗೆ ತಿನ್ನಲೆಂದು ಅಂಟಿನ ಉಂಡಿ ಕಟ್ಟಿಸಿಕೊಂಡು ನೋಡಲು ಹೋದೆ. ತಗಡಿನ ಮಾಡಿನ ಒಂದೇ ಕೋಣೆ, ಮೂಲೆಯಲ್ಲಿ ಬಾಣಂತಿಯ ಹೊರಸು, ಕೆಳಗೆ ಕೆಂಡದ ಬೋಗುಣಿ. ಮಿಸ್ತ್ರಿಯ ಹೆಂಡತಿ ನನ್ನ ಮುಖ ನೋಡಲಿಲ್ಲ. ಮಗಳು ನಕ್ಕಳು. “ಬರ್ರಿ ಕಾಕಾರ. ನೋಡ್ರಿ, ನಿಜಾಮನ ಸೀಮ್ಯಾಗ ಹುಟ್ಟ್ಯಾಳ,” ಎಂದು ಕೂಸನ್ನು ನನ್ನ ತೊಡೆಯ ಮೇಲಿಟ್ಟಳು.

“ಹುಟ್ಟಿದ್ದು ಅಷ್ಟ ಸಾಕೇನೋ ಮಿಸ್ತ್ರಿ? ನಿಯಮ ಏನೈತಿ, ಕಚೇರ್ಯಾಗ ಕೇಳಿಯೇನು?”

“ಕೇಳೇನ್ರಿ. ಒಬ್ಬಾಂವ ಸಾಕಂದ, ಇನ್ನೊಬ್ಬಾಂವ ಸಾಲಂಗಿಲ್ಲಂದ.”

“ಹಂಗಾದ್ರ?”

“ಅಕಿ ದೊಡ್ಡಾಕಿ ಆಗೂತನ ಯಾರರೆ ಒಬ್ರು ಖರೆ ಹೇಳ್ತಾರಲ್ರಿ.”

ನನಗೆ ಅಜ್ಜಿ ನೆನಪಾದಳು. ಆ ಗೆರೆ ದಾಟಲು ಅವಳು ಮೈಮೇಲೆ ಸೀರೆ ಸುತ್ತಿಕೊಂಡಳು, ಇವಳು ಹೊಟ್ಟೆಯಲ್ಲಿ ಕೂಸು ಹೊತ್ತುಕೊಂಡಳು. ನಾಕಾ ಇಲ್ಲ, ಸುಂಕದವನಿಲ್ಲ, ದಾಟುವುದು ಮಾತ್ರ ತಪ್ಪಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ. ಸುಳ್ಳು ಗೆರೆಯನ್ನು ನಾನು ಕೊಯ್ದು ಹಾಕಿದೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ನಿಜವಾದ ಗೆರೆಗೆ ಯಾವ ಅಲಗು ಎಂದು ನನಗೆ ಗೊತ್ತಿಲ್ಲ.

ಗೊತ್ತಿರುವುದನ್ನು ಹೇಳುತ್ತೇನೆ. ಕಲ್ಲಿನ ಮೇಲೆ ನಕ್ಷೆ ಮಾಡಿಸುವವರು, ಮಾಡುವವರು ಇಬ್ಬರೂ ಕೇಳಿ. ದರವನ್ನು ಅಗಲಕ್ಕೆ ಕುದುರಿಸಬೇಡಿ, ಗೆರೆಗೆ ಕುದುರಿಸಿ. ಟ್ರಸ್ಟಿನ ಪರವಾಗಿ ಹಾಕಿದ ಸಹಿ ಸಹಿಯಲ್ಲ, ತಪ್ಪಾದರೆ ಖರ್ಚು ಯಾರದೆಂದು ಒಬ್ಬ ಮನುಷ್ಯನಿಂದ ಮೊದಲೇ ಬರೆಸಿಕೊಳ್ಳಿ. ಮೊದಲ ಹಾಳೆ ಬಂದ ಮೇಲೆ ಎರಡನೆಯದು ಬಂದರೆ, ಅದರಲ್ಲಿ “ಸಣ್ಣ ತಿದ್ದುಪಡಿ” ಎಂದಿದ್ದರೆ, ಎರಡನ್ನೂ ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದು ನೋಡುವವರೆಗೆ ಯಂತ್ರ ಮುಟ್ಟಬೇಡಿ. ಆ ಹೊತ್ತಿನಲ್ಲಿ ಊರು ಬಿಟ್ಟು ಹೋಗಬೇಡಿ, ಮರಳುಗಲ್ಲು ನಾಲ್ಕು ದಿನ ಕಾಯುತ್ತದೆ. ತಪ್ಪಿದ ಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿಡಬೇಡಿ, ಅದೇ ದಿನ ಕೊಯ್ದು ಹಾಕಿ. ಕೊಯ್ಯುವ ಮುಂಚೆ, ಎಷ್ಟೇ ಸಿಟ್ಟಿರಲಿ, ನೀರು ಬಿಡಿ. ಗೆರೆಯ ಪಕ್ಕದ ಊರಿನವನನ್ನು ಆ ಗೆರೆ ಕೊರೆಯಲು ಕೂರಿಸಿದ್ದರೆ, ಕೆಲಸಕ್ಕೆ ಮುಂಚೆ ಅವನ ಮನೆಯಲ್ಲಿ ಕೂತು ಒಂದು ಚಹಾ ಕುಡಿಯಿರಿ. ಅವನಿಗೆ ಮಕ್ಕಳೆಷ್ಟು, ಏನು ಓದಿದ್ದಾರೆ, ಯಾವ ನೌಕರಿಗೆ ಬರೆದಿದ್ದಾರೆ ಎಂದು ಕೇಳಿ. ನಾನು ಅದನ್ನು ಕೇಳಿದ್ದು ಕಲ್ಲು ತೋಡಿದ ಮೇಲೆ.